ಜೇಬಿನ ಚಾಕುವಿಗೆ ಯಾವ ಉಕ್ಕು?

ಮಡಿಸುವ ಚಾಕು ಕೊಳ್ಳಲು ಹೋದವರು ಮೊದಲು ಹಿಡಿಯನ್ನು ನೋಡುತ್ತಾರೆ. ಮರದ್ದೋ ಪ್ಲಾಸ್ಟಿಕ್ಕಿನದೋ, ಅಂಗೈಯಲ್ಲಿ ಸರಿಯಾಗಿ ಕೂರುತ್ತದೋ, ಬಿಚ್ಚಿದರೆ ಟಕ್ಕೆಂದು ನಿಲ್ಲುತ್ತದೋ. ಅಲಗಿನ ಬುಡದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ ಡಿ2 ಎಂದೋ 14ಸಿ28ಎನ್ ಎಂದೋ ಕೆತ್ತಿರುವುದನ್ನು ಮಾಡೆಲ್ ನಂಬರ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಉಕ್ಕಿನ ಹೆಸರು. ಚಾಕುವಿನ ಹುಚ್ಚಿರುವವರು ಅದೊಂದನ್ನೇ ಹಿಡಿದು ರಾತ್ರಿಯಿಡೀ ವಾದಿಸಬಲ್ಲರು. ನನ್ನ ಮಟ್ಟಿಗೆ ಎರಡೂ ಅತಿ. ಹೆಸರು ತಿಳಿದಿರಬೇಕು, ಸರಿ. ಆದರೆ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ್ದು ಎರಡೇ ಪ್ರಶ್ನೆ: ನಿಮ್ಮೂರಿನ ಗಾಳಿಯಲ್ಲಿ ತೇವ ಎಷ್ಟು? ನಿಮ್ಮ ಮನೆಯಲ್ಲಿರುವ ಮಸೆಗಲ್ಲು ಯಾವುದು?

ಚಾಕುವಿನ ಉಕ್ಕಿನಿಂದ ನಾವು ಬಯಸುವುದು ನಾಲ್ಕು ಗುಣ. ಬೇಗ ಮೊಂಡಾಗಬಾರದು. ಅಂಚು ಹಲ್ಲು ಬೀಳಬಾರದು. ತುಕ್ಕು ಹಿಡಿಯಬಾರದು. ಮೊಂಡಾದ ದಿನ ಸುಲಭವಾಗಿ ಮಸೆಯಲು ಬರಬೇಕು. ನಾಲ್ಕನ್ನೂ ತುಂಬಿ ಕೊಡುವ ಉಕ್ಕು ಇನ್ನೂ ಹುಟ್ಟಿಲ್ಲ. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಕುಗ್ಗುತ್ತದೆ. ವರ್ಷ ವರ್ಷವೂ ಹೊಸ ಹೆಸರಿನ ಉಕ್ಕು ಮಾರುಕಟ್ಟೆಗೆ ಬರುತ್ತಿರುವುದು ಈ ಎಳೆದಾಟದಿಂದಲೇ.

ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಚಾಕುವಿಗೆ ಬೇಕಾದ ಗಡಸುತನ ಬರಲು ನೂರಕ್ಕೆ ಸುಮಾರು ಅರ್ಧ ಪಾಲು ಇಂಗಾಲವಾದರೂ ಇರಬೇಕು. ಗಡಸುತನವನ್ನು ಅಳೆಯುವ ರೀತಿ ಸರಳ: ವಜ್ರದ ಮೊನೆಯೊಂದನ್ನು 150 ಕಿಲೋ ಭಾರದಲ್ಲಿ ಲೋಹದ ಮೇಲೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂದು ನೋಡುವುದು. ಅಮೆರಿಕದ ರಾಕ್‌ವೆಲ್ ಎಂಬಿಬ್ಬರು ಇದರ ಯಂತ್ರಕ್ಕೆ 1919ರಲ್ಲಿ ಪೇಟೆಂಟ್ ಪಡೆದರು. ಅದಕ್ಕೇ ಚಾಕುವಿನ ವಿವರದಲ್ಲಿ ‘ರಾಕ್‌ವೆಲ್ ಸಿ 58’ ಎಂಬಂಥ ಅಂಕಿ ಕಾಣುತ್ತದೆ. ಜೇಬಿನ ಚಾಕುಗಳು ಹೆಚ್ಚಾಗಿ 55ರಿಂದ 62ರ ನಡುವೆ ಇರುತ್ತವೆ. 54ಕ್ಕಿಂತ ಕೆಳಗಿದ್ದರೆ ಅಂಚು ಬೇಗ ಮಡಚಿಕೊಳ್ಳುತ್ತದೆ. 62 ದಾಟಿದರೆ ಎಳನೀರು ಕೆತ್ತುವ ಭರದಲ್ಲಿ ಚಿಪ್ಪಿಗೆ ತಾಗಿದಾಗಲೋ ಮೊಳೆಗೆ ಬಡಿದಾಗಲೋ ಅಂಚಿನಿಂದ ಚೂರು ಹಾರಿಹೋಗುವ ಅಪಾಯ ಹೆಚ್ಚು.

ಎಲ್ಲರಿಗೂ ಗೊತ್ತಿರುವ ಕೆಂಪು ಹಿಡಿಯ ಸ್ವಿಸ್ ಚಾಕುವನ್ನೇ ತೆಗೆದುಕೊಳ್ಳಿ. ಇಬಾಖ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ ತಮ್ಮ ದೇಶದ ಸೈನಿಕರಿಗಾಗಿ ಚಾಕು ಮಾಡಿಕೊಡಲು ಶುರುಮಾಡಿದ್ದು 1891ರಲ್ಲಿ. ಅವರ ಕಂಪನಿಯೇ ಇಂದಿನ ವಿಕ್ಟೋರಿನಾಕ್ಸ್. ಅದರ ಅಲಗಿನ ಗಡಸುತನ ಸುಮಾರು 56. ಚಾಕುಪ್ರಿಯರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನನಗೆ ಅದರಲ್ಲಿ ಜಾಣತನ ಕಾಣುತ್ತದೆ. ಆ ಚಾಕು ಯಾರ ಕೈಗೆ ಹೋಗುತ್ತದೋ ಕಂಪನಿಗೆ ಗೊತ್ತಿಲ್ಲ. ಕೊಂಡವರು ಅದರಲ್ಲಿ ಡಬ್ಬದ ಮುಚ್ಚಳ ಮೀಟಬಹುದು, ಮಾವಿನಹಣ್ಣು ಹೆಚ್ಚಿ ತೊಳೆಯದೆ ಮಡಚಿಡಬಹುದು, ಅಡುಗೆಮನೆಯ ಕಟ್ಟೆಕಲ್ಲಿಗೆ ಉಜ್ಜಬಹುದು. ಇದೆಲ್ಲವನ್ನೂ ತಾಳಿಕೊಂಡು, ಸಿಕ್ಕ ಕಲ್ಲಿನ ಮೇಲೆ ಎರಡು ನಿಮಿಷ ಉಜ್ಜಿದರೆ ಮತ್ತೆ ಹರಿತವಾಗಬೇಕು. ಅಂಥ ಕೆಲಸಕ್ಕೆ 56 ಸರಿಯಾದ ಅಂಕಿ.

ತುಕ್ಕಿನ ಲೆಕ್ಕ

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕು ಹುಡುಕುತ್ತಿದ್ದರು. ಸುಮಾರು 13 ಪಾಲು ಕ್ರೋಮಿಯಂ ಸೇರಿಸಿದ ಉಕ್ಕಿಗೆ ಆಮ್ಲ ತಾಗಿದರೂ ಏನೂ ಆಗಲಿಲ್ಲ. ಶೆಫೀಲ್ಡ್ ಎಂದರೆ ಚಾಕು–ಚೂರಿಗಳ ಊರು. ಇದು ಊಟದ ಚಾಕುವಿಗೆ ಆಗುತ್ತದೆಂದು ಬ್ರೇರ್ಲಿಗೆ ಹೊಳೆಯಿತು. ಊರಿನ ಚಾಕು ತಯಾರಕರು ಮೊದಲು ನಕ್ಕರು. ಹಳೆಯ ಉಕ್ಕಿಗೆ ಹಾಕುತ್ತಿದ್ದ ಹದವನ್ನೇ ಹೊಸದಕ್ಕೂ ಹಾಕಿ, ಇದು ಕೊಯ್ಯುವುದಿಲ್ಲ ಎಂದರು. ಕಾವು ಬೇರೆ ಬೇಕೆಂದು ತಿಳಿದ ಮೇಲೆ ಸ್ಟೇನ್‌ಲೆಸ್ ಚಾಕು ಜಗತ್ತಿಡೀ ಹರಡಿತು.

ಇಲ್ಲೊಂದು ಸೂಕ್ಷ್ಮವಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಉಕ್ಕಿನಲ್ಲಿ ಒಟ್ಟು ಕ್ರೋಮಿಯಂ ಎಷ್ಟಿದೆ ಎಂಬುದಕ್ಕಿಂತ, ಬಿಡಿಯಾಗಿ ಉಳಿದಿರುವ ಕ್ರೋಮಿಯಂ ಎಷ್ಟು ಎಂಬುದು ಮುಖ್ಯ. ಇಂಗಾಲಕ್ಕೆ ಕ್ರೋಮಿಯಂ ಕಂಡರೆ ಬಹಳ ಪ್ರೀತಿ. ಎರಡೂ ಸೇರಿ ಕಾರ್ಬೈಡ್ ಎಂಬ ಗಟ್ಟಿ ಕಣಗಳಾಗುತ್ತವೆ. ಹಾಗೆ ಸೇರಿಹೋದ ಕ್ರೋಮಿಯಂ ತುಕ್ಕನ್ನು ತಡೆಯುವ ಕೆಲಸಕ್ಕೆ ಬರುವುದಿಲ್ಲ. ಡಿ2 ಉಕ್ಕಿನಲ್ಲಿ ಸುಮಾರು 12 ಪಾಲು ಕ್ರೋಮಿಯಂ ಇದೆ, ಕಾಗದದ ಮೇಲೆ ಅದು ಸ್ಟೇನ್‌ಲೆಸ್‌ನ ಹೊಸ್ತಿಲಲ್ಲೇ ನಿಂತಿದೆ. ಆದರೆ ಒಂದೂವರೆ ಪಾಲು ಇಂಗಾಲವೂ ಇರುವುದರಿಂದ ಕ್ರೋಮಿಯಂನ ದೊಡ್ಡ ಭಾಗ ಕಾರ್ಬೈಡಿಗೇ ಹೋಗಿ, ಮಳೆಗಾಲದಲ್ಲಿ ಜೇಬಿನ ಬೆವರಿಗೂ ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ. ಸ್ವೀಡನ್ನಿನ 14ಸಿ28ಎನ್‌ನಲ್ಲಿ 14 ಪಾಲು ಕ್ರೋಮಿಯಂ, ಇಂಗಾಲ 0.62 ಮಾತ್ರ. ಇಂಗಾಲದ ಕೊರತೆಯನ್ನು ತುಂಬಲು 0.11 ಪಾಲು ಸಾರಜನಕ ಸೇರಿಸಿದ್ದಾರೆ. ಗಡಸುತನಕ್ಕೂ ತುಕ್ಕು ತಡೆಯುವುದಕ್ಕೂ ಅದು ಸಹಾಯ ಮಾಡುತ್ತದೆ. ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ಒಂದು ಮಳೆಗಾಲ ಸಾಕು. ಬಳ್ಳಾರಿ, ರಾಯಚೂರಿನ ಒಣಹವೆಯಲ್ಲಿರುವವರಿಗೆ ಡಿ2 ಅಷ್ಟೇನೂ ಕಾಟ ಕೊಡುವುದಿಲ್ಲ.

ಕ್ರೋಮಿಯಂ ಇಲ್ಲವೆನ್ನಬಹುದಾದ ಸಾದಾ ಇಂಗಾಲದ ಉಕ್ಕನ್ನು ಇಷ್ಟಪಡುವವರು ಈಗಲೂ ಬೇಕಾದಷ್ಟು ಇದ್ದಾರೆ. ಫ್ರಾನ್ಸಿನ ಸವೋಯ್ ಪ್ರದೇಶದಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಚಾಕುವಿನ ಕಾರ್ಬನ್ ಅಲಗು ಅಂಥದ್ದು. ಇಂಗಾಲ ಸುಮಾರು 0.9 ಪಾಲು. ಕಣಗಳು ಸಣ್ಣವು, ಬೇಗ ಮಸೆಯುತ್ತದೆ, ಮಸೆದರೆ ಗಡ್ಡ ಕೆರೆಯುವಷ್ಟು ಹರಿತ ಬರುತ್ತದೆ. ಅದರ ಬೇಡಿಕೆ ಒಂದೇ, ಕೆಲಸ ಮುಗಿದ ಕೂಡಲೇ ಒರೆಸಬೇಕು. ನಿಂಬೆ, ಮಾವಿನಕಾಯಿ ಕೊಯ್ದರೆ ಕೆಲವೇ ನಿಮಿಷಗಳಲ್ಲಿ ಅಲಗು ಕಪ್ಪಾಗುತ್ತದೆ, ಹೋಳಿಗೂ ಲೋಹದ ರುಚಿ ಹತ್ತುತ್ತದೆ. ಹಸಿ ಅಡಿಕೆ, ಬಾಳೆಹೂವಿನ ಒಗರು ತಾಗಿದರೂ ಕಪ್ಪೇ. ಈ ಕಪ್ಪುಪದರಕ್ಕೆ ಗಾಬರಿಯಾಗಬೇಕಿಲ್ಲ. ಅದು ಕೆಂಪು ತುಕ್ಕನ್ನು ಒಂದಿಷ್ಟು ತಡೆಯುತ್ತದೆ. ಕೆಂಪು ಕಂಡರೆ ಮಾತ್ರ ತಿಕ್ಕಿ ತೆಗೆದು, ಕೊಬ್ಬರಿ ಎಣ್ಣೆ ಸವರಿಡಿ. ತೋಟದಲ್ಲಿ ಓಡಾಡುವವರಿಗೆ, ಮಸೆಯುವುದೇ ಒಂದು ಖುಷಿ ಎನ್ನುವವರಿಗೆ ಈ ಉಕ್ಕನ್ನು ಧಾರಾಳವಾಗಿ ಹೇಳುತ್ತೇನೆ. ಮರೆತು ಜೇಬಿನಲ್ಲೇ ಬಿಟ್ಟು ಪ್ಯಾಂಟನ್ನು ಒಗೆಯಲು ಹಾಕುವವರಿಗೆ ಹೇಳುವುದಿಲ್ಲ.

ಕಲ್ಲು ಸೋಲುವ ಉಕ್ಕುಗಳು

ಬೆಲೆಯ ಏಣಿ ಹತ್ತುತ್ತ ಹೋದಂತೆ ವನೇಡಿಯಂ ಎಂಬ ಹೆಸರು ಕೇಳಿಸುತ್ತದೆ. ಇಂಗಾಲದ ಜೊತೆ ಸೇರಿ ಅದೂ ಕಾರ್ಬೈಡ್ ಆಗುತ್ತದೆ, ಕ್ರೋಮಿಯಂ ಕಾರ್ಬೈಡಿಗಿಂತ ಬಹಳ ಗಟ್ಟಿ. ಕೊರಿಯರ್ ಡಬ್ಬಗಳ ರಟ್ಟು ನೋಡಲು ಮೆತ್ತಗಿದ್ದರೂ ಅದರಲ್ಲಿ ಖನಿಜದ ನುಣ್ಣನೆಯ ಪುಡಿ ಇರುತ್ತದೆ, ಚಾಕುವಿನ ಬಾಯಿಯನ್ನು ಅದು ಉಜ್ಜಿ ಸವೆಸುತ್ತದೆ. ವನೇಡಿಯಂ ಇರುವ ಅಲಗು ಈ ಸವೆತವನ್ನು ಚೆನ್ನಾಗಿ ತಡೆಯುತ್ತದೆ. ಶೆಫೀಲ್ಡ್‌ನ ಚಾಕು ಸಂಶೋಧನಾ ಸಂಸ್ಥೆ ಕ್ಯಾಟ್ರಾದಲ್ಲಿ ಹರಿತದ ಬಾಳಿಕೆಯನ್ನು ಪರೀಕ್ಷಿಸುವುದು ಮರಳಿನ ಅಂಶ ಬೆರೆಸಿದ ಕಾಗದದ ಕಟ್ಟನ್ನು ಯಂತ್ರದಿಂದ ಕೊಯ್ಯಿಸಿಯೇ. ಆ ಪರೀಕ್ಷೆಯಲ್ಲಿ ವನೇಡಿಯಂ ಹೆಚ್ಚಿರುವ ಉಕ್ಕುಗಳು ಮುಂದೆ ಬರುತ್ತವೆ.

ಆದರೆ ಕಾರ್ಬೈಡ್ ಜಾಸ್ತಿಯಾದಷ್ಟೂ ಉಕ್ಕು ಹಲ್ಲು ಬೀಳುವುದು ಸುಲಭ. ಎರಕ ಹೊಯ್ದ ಉಕ್ಕು ನಿಧಾನವಾಗಿ ಆರುವಾಗ ಕಣಗಳು ದಪ್ಪ ದಪ್ಪವಾಗಿ ಬೆಳೆಯುತ್ತವೆ. ಇದನ್ನು ತಪ್ಪಿಸಲು 1970ರ ದಶಕದಲ್ಲಿ ಅಮೆರಿಕದ ಕ್ರೂಸಿಬಲ್ ಕಂಪನಿ ಮೊದಲಾದವರು ಪುಡಿ ಉಕ್ಕಿನ ದಾರಿ ಹಿಡಿದರು: ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಸಿಡಿಸಿ ಪುಡಿ ಮಾಡುವುದು, ಆ ಪುಡಿಯನ್ನು ಕಾಯಿಸಿ ಒತ್ತಿ ಗಟ್ಟಿ ಮಾಡುವುದು. ಬನ್ಸಿ ರವೆಗೂ ಚಿರೋಟಿ ರವೆಗೂ ಇರುವ ವ್ಯತ್ಯಾಸ ಎರಡು ಬಗೆಯ ಉಕ್ಕಿನ ಕಣಗಳ ನಡುವೆ ಇರುತ್ತದೆ. 2001ರಲ್ಲಿ ಬಂದ ಎಸ್30ವಿ ಚಾಕುವಿಗೆಂದೇ ಹದಗೊಳಿಸಿದ ಪುಡಿ ಉಕ್ಕು: ಇಂಗಾಲ 1.45, ಕ್ರೋಮಿಯಂ 14, ವನೇಡಿಯಂ 4 ಪಾಲು. ಆಸ್ಟ್ರಿಯಾದ ಎಂ390ರಲ್ಲಿ ಕ್ರೋಮಿಯಂ 20 ಪಾಲಿನಷ್ಟಿದೆ. 2021ರಲ್ಲಿ ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ ಮ್ಯಾಗ್ನಾಕಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕ್ರೋಮಿಯಂ ಬರೀ 10.7 ಪಾಲು, ಆದರೆ ಅದು ಕಾರ್ಬೈಡಾಗಿ ಸಿಕ್ಕಿಕೊಳ್ಳದಂತೆ ಲೆಕ್ಕ ಹಾಕಿ, ಇಂಗಾಲವನ್ನು ವನೇಡಿಯಂ ಮತ್ತು ನಯೋಬಿಯಂಗಳಿಗೆ ಒಪ್ಪಿಸಿದ್ದಾರೆ. ಫಲವಾಗಿ ಡಿ2ಗಿಂತ ಕಡಿಮೆ ಕ್ರೋಮಿಯಂ ಇಟ್ಟುಕೊಂಡೂ ತುಕ್ಕಿಗೆ ಅದಕ್ಕಿಂತ ಎಷ್ಟೋ ಚೆನ್ನಾಗಿ ತಡೆಯೊಡ್ಡುತ್ತದೆ. ಇತ್ತೀಚಿನ ಉಕ್ಕುಗಳಲ್ಲಿ ನಾನು ನಿಜವಾಗಿ ಮೆಚ್ಚುವುದು ಇದೊಂದನ್ನೇ.

ಈಗ ನಿಮ್ಮ ಮಸೆಗಲ್ಲಿನ ವಿಷಯಕ್ಕೆ ಬರೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಮುಖ ಒರಟು ಇನ್ನೊಂದು ಮುಖ ನಯ ಇರುವ ಬೂದುಬಣ್ಣದ ಕಲ್ಲು ಕಾರ್ಬೊರಂಡಮ್‌ನದು. ವನೇಡಿಯಂ ಕಾರ್ಬೈಡ್ ಆ ಕಲ್ಲಿನ ಹರಳಿಗಿಂತಲೂ ಗಟ್ಟಿ. ಹಾಗಾಗಿ ಕಲ್ಲು ಕಣದ ಸುತ್ತಲಿನ ಉಕ್ಕನ್ನು ತೆಗೆಯುತ್ತದೆ, ಕಣವನ್ನು ತೆಗೆಯಲಾರದು. ನಾಲ್ಕು ಪಾಲು ವನೇಡಿಯಂ ಇರುವ ಅಲಗನ್ನು ಹೇಗೋ ತಾಳ್ಮೆಯಿಂದ ಮಸೆಯಬಹುದು. ಒಂಬತ್ತು ಪಾಲು ಇರುವ ಎಸ್90ವಿಯನ್ನು ಅದೇ ಕಲ್ಲಿನ ಮೇಲೆ ಉಜ್ಜುತ್ತ ಕೂತರೆ ಕೈ ನೋಯುತ್ತದೆಯೇ ಹೊರತು ಬಾಯಿ ಬರುವುದಿಲ್ಲ. ವಜ್ರದ ಪುಡಿ ಮೆತ್ತಿದ ಪ್ಲೇಟ್ ಬೇಕೇ ಬೇಕು. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬೀದಿಗೆ ಬರುವ ಸಾಣೆಯವರಿಗೆ ಮನೆಯ ಈಳಿಗೆಮಣೆ, ಕತ್ತರಿ ಕೊಡಿ, ಜೇಬಿನ ಚಾಕು ಕೊಡಬೇಡಿ. ಒಣಚಕ್ರದ ಮೇಲೆ ಕಿಡಿ ಹಾರುವಾಗ ತೆಳುವಾದ ಅಂಚು ಕಾದು ಹದ ಇಳಿದುಹೋಗುತ್ತದೆ. ಅಂಚಿನಲ್ಲಿ ನೀಲಿ ಛಾಯೆ ಕಂಡರೆ ಅಲ್ಲಿನ ಗಡಸುತನ ಹೋಯಿತೆಂದೇ ಅರ್ಥ.

ಹೆಸರಿಗಿಂತ ಹದ

ಉಕ್ಕಿನ ಹೆಸರು ಅರ್ಧ ಕಥೆ. ಉಳಿದರ್ಧ ಅದಕ್ಕೆ ಹಾಕಿದ ಹದ. ನಮ್ಮ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಬಡಿಯುವುದನ್ನು ನೀವು ನೋಡಿರಬಹುದು. ಅದರಲ್ಲಿ ಇಂಗಾಲ ಅರ್ಧ ಪಾಲಿನ ಆಸುಪಾಸು. ಸುಮಾರು 800 ಡಿಗ್ರಿಗೆ ಕಾಯಿಸಿ ಅದ್ದಿದರೆ ಗಡಸಾಗುತ್ತದೆ. ಕೆಂಪು ಬಣ್ಣ ನೋಡಿಯೇ ಅನುಭವಸ್ಥರು ಈ ಕಾವನ್ನು ಹಿಡಿಯಬಲ್ಲರು. 770 ಡಿಗ್ರಿಯ ಹತ್ತಿರ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದರಿಂದ, ಅದನ್ನು ನೋಡಿ ಇನ್ನೊಂದಿಷ್ಟು ಕಾಯಿಸಿದರೂ ಆಯಿತು. ಸ್ಟೇನ್‌ಲೆಸ್ ಉಕ್ಕಿಗೆ ಇದು ಸಾಲದು. ಅದಕ್ಕೆ 1050 ಡಿಗ್ರಿ, ಅದಕ್ಕಿಂತ ತುಸು ಹೆಚ್ಚೇ ಬೇಕು, ಅಷ್ಟೇ ಕಾವನ್ನು ಕೆಲವು ನಿಮಿಷ ಕದಲದಂತೆ ಹಿಡಿದಿಡಬೇಕು. ಕುಲುಮೆಯಲ್ಲಿ ಇದು ಆಗುವ ಮಾತಲ್ಲ. ಆದ್ದರಿಂದ ಊರಿನ ಕಮ್ಮಾರರಲ್ಲಿ ಚಾಕು ಮಾಡಿಸುವುದಾದರೆ ಸ್ಪ್ರಿಂಗ್ ಪಟ್ಟಿಯದೋ ಹಳೆಯ ಬೇರಿಂಗಿನದೋ ಮಾಡಿಸಿ. ಡಿ2 ತುಂಡು ಕೊಟ್ಟು ಅವರನ್ನು ಪೇಚಿಗೆ ಸಿಕ್ಕಿಸಬೇಡಿ.

ಕಾರ್ಖಾನೆಗಳ ನಡುವೆಯೂ ಈ ವ್ಯತ್ಯಾಸ ಇದೆ. ಅಮೆರಿಕದ ಬಕ್ ಕಂಪನಿ ಬಳಸುವ 420ಎಚ್‌ಸಿ ಅಗ್ಗದ ಉಕ್ಕು, ಇಂಗಾಲ ಅರ್ಧ ಪಾಲಿಗೂ ಕಡಿಮೆ. ಆದರೂ ಅದನ್ನು 58ರ ಹತ್ತಿರಕ್ಕೆ ಹದಗೊಳಿಸಿ ಒಳ್ಳೆಯ ಚಾಕು ಮಾಡುತ್ತಾರೆ. ಅದೇ ಕಾಲಕ್ಕೆ, ದುಬಾರಿ ಉಕ್ಕಿನ ಹೆಸರು ಕೆತ್ತಿ ಮೆತ್ತಗೆ ಹದ ಹಾಕಿದ ಚಾಕುಗಳೂ ಬರುತ್ತವೆ. ತಯಾರಕರು ಉಕ್ಕಿನ ಹೆಸರಿನ ಜೊತೆ ರಾಕ್‌ವೆಲ್ ಅಂಕಿಯನ್ನೂ ಹೇಳುತ್ತಾರೋ ನೋಡಿ. ಹೇಳುವವರನ್ನು ತುಸು ಹೆಚ್ಚು ನಂಬಬಹುದು.

ಅಲಗಿನ ದಪ್ಪವೂ ಇಲ್ಲಿ ಸೇರಬೇಕಾದ ಮಾತು. ಒಪಿನೆಲ್ ಅಲಗು 2 ಮಿ.ಮೀ.ಗೂ ತೆಳು. ಅದು ಸೇಬಿನೊಳಗೆ ಜಾರಿ ಇಳಿಯುತ್ತದೆ. ಸಿನಿಮಾದ ವೀರನ ಕೈಯಲ್ಲಿ ಒಪ್ಪುವ 4 ಮಿ.ಮೀ. ದಪ್ಪದ ಅಲಗು, ಎಂಥ ಉಕ್ಕಿನದೇ ಆಗಲಿ, ಸೇಬನ್ನು ಸೀಳಿ ಒಡೆಯುತ್ತದೆ.

ಕೆತ್ತಿದ ಅಕ್ಷರಗಳಲ್ಲಿ ಕೆಲವಕ್ಕೆ ಅರ್ಥವೇ ಇರುವುದಿಲ್ಲ. ಬರೀ ‘ಸ್ಟೇನ್‌ಲೆಸ್’, ‘ಸರ್ಜಿಕಲ್ ಸ್ಟೀಲ್’, ‘ಜಪಾನ್ ಸ್ಟೀಲ್’ ಎಂದಿದ್ದರೆ ಏನೂ ಹೇಳಿದಂತಾಗಲಿಲ್ಲ. ‘440’ ಎಂದಷ್ಟೇ ಇದ್ದರೆ ಅದರ ಮುಂದಿನ ಅಕ್ಷರ ಕೇಳಿ: 440ಎಯಲ್ಲಿ ಇಂಗಾಲ ಮುಕ್ಕಾಲು ಪಾಲಿಗಿಂತ ಕಡಿಮೆ, 440ಸಿಯಲ್ಲಿ ಒಂದು ಪಾಲಿನ ಆಸುಪಾಸು. ಅಕ್ಷರ ಬರೆದಿಲ್ಲವೆಂದರೆ ಸಾಮಾನ್ಯವಾಗಿ ಅದು ಸಿ ಅಲ್ಲ. ಅಯಸ್ಕಾಂತದ ಪರೀಕ್ಷೆಯನ್ನು ನಮ್ಮಲ್ಲಿ ತಲೆಕೆಳಗು ಮಾಡುವವರಿದ್ದಾರೆ. ಮನೆಯ ಸ್ಟೀಲ್ ಪಾತ್ರೆ ಅಯಸ್ಕಾಂತಕ್ಕೆ ಅಂಟದಿದ್ದರೆ ಒಳ್ಳೆಯದೆಂದು ಕೇಳಿದ್ದೇವಲ್ಲ, ಚಾಕುವಿಗೂ ಅದನ್ನೇ ಅನ್ವಯಿಸುತ್ತಾರೆ. ಚಾಕುವಿನ ಸ್ಟೇನ್‌ಲೆಸ್ ಬೇರೆ ಜಾತಿ, ಅದು ಅಂಟಲೇಬೇಕು. ಅಂಟದ ಅಲಗೆಂದರೆ ಹೆಚ್ಚಾಗಿ ಪಾತ್ರೆಯ ಉಕ್ಕು. ಅದಕ್ಕೆ ಹದ ಹಿಡಿಯುವುದಿಲ್ಲ.

‘ಡಮಾಸ್ಕಸ್’ ಎಂಬ ಹೆಸರಿನಲ್ಲಿ ಅಲೆಅಲೆಯಾದ ವಿನ್ಯಾಸದ ಚಾಕುಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಇವು ಎರಡು ಬಗೆಯ ಉಕ್ಕನ್ನು ಮಡಚಿ ಬೆಸೆದು ಮಾಡಿದವು, ಕೆಲವು ಬರೀ ಮೇಲ್ಮೈ ಮೇಲೆ ಕೆತ್ತಿದವು. ಹಳೆಯ ಡಮಾಸ್ಕಸ್ ಕತ್ತಿಗಳ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿದ್ದು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಅವಶೇಷ ಸಿಕ್ಕಿದೆ. ಇಂಗಾಲ ಒಂದೂವರೆ ಪಾಲಿನಷ್ಟಿದ್ದ ಆ ಉಕ್ಕಿನಲ್ಲಿ ವಿನ್ಯಾಸ ಹೇಗೆ ಮೂಡುತ್ತಿತ್ತೆಂದು ಅಮೆರಿಕದ ವರ್ಹೋವೆನ್ ಮತ್ತು ಪೆಂಡ್ರೇ ಹುಡುಕಿದಾಗ ಸಿಕ್ಕ ಉತ್ತರ, ಅದಿರಿನಿಂದ ಬಂದ ಅತ್ಯಲ್ಪ ವನೇಡಿಯಂ. ಅವರ ಲೇಖನ ಪ್ರಕಟವಾದದ್ದು 1998ರಲ್ಲಿ. ಇಂದು ದುಡ್ಡು ಕೊಟ್ಟು ಸೇರಿಸುವ ಧಾತು ನಮ್ಮ ಕಡೆಯ ಮಣ್ಣಿನಲ್ಲೇ ತಾನಾಗಿ ಬೆರೆತಿತ್ತು ಎನ್ನುವುದು ಖುಷಿ ಕೊಡುವ ಸಂಗತಿ. ಆದರೆ ಆ ಹೆಸರು ಹೊತ್ತ ಅಗ್ಗದ ಚಾಕುವಿಗೂ ಅದಕ್ಕೂ ಸಂಬಂಧವಿಲ್ಲ. ಒಳಗಿರುವ ಎರಡು ಉಕ್ಕುಗಳು ಯಾವುವೆಂದು ಹೇಳದವರಿಂದ ಕೊಳ್ಳಬೇಡಿ.

ಕಾನೂನಿನ ಮಾತು ಚಿಕ್ಕದು. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವವು. ಮನೆ, ಬೇಸಾಯದ ಸಲಕರಣೆಗಳಿಗೆ ವಿನಾಯಿತಿ ಇದೆ. ಜೇಬಿನ ಚಾಕು ಇದಕ್ಕಿಂತ ಎಷ್ಟೋ ಚಿಕ್ಕದು. ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನ ಗೋಜಿಗೆ ಹೋಗಬೇಡಿ, ದಿಲ್ಲಿಯಂಥ ಕಡೆ ಅದಕ್ಕೆ ಪ್ರತ್ಯೇಕ ನಿರ್ಬಂಧ ಇದೆ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿಡಿ. ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಒಂದು ಎಚ್ಚರಿಕೆ: ಅಲ್ಲಿ ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಬಹುದಾದ್ದು 3 ಇಂಚಿಗಿಂತ ಚಿಕ್ಕ ಬಾಯಿಯ, ಬಿಚ್ಚಿದಾಗ ಲಾಕ್ ಆಗದ ಮಡಿಸುವ ಚಾಕು ಮಾತ್ರ. ಒಪಿನೆಲ್‌ನ ದೊಡ್ಡ ಅಳತೆಗಳಿಗೆ ಲಾಕ್ ಬಳೆ ಇರುತ್ತದೆ. 5ನೇ ನಂಬರಿನವರೆಗಿನ ಚಿಕ್ಕವಕ್ಕೆ ಇರುವುದಿಲ್ಲ.

ಹಾಗಾದರೆ ಯಾವುದು? ಹಣ್ಣು, ದಾರ, ರಟ್ಟಿನ ಡಬ್ಬ, ಅಪರೂಪಕ್ಕೊಮ್ಮೆ ತೋಟದ ಕೆಲಸ ಇರುವ ಕನ್ನಡದ ಸಾಮಾನ್ಯ ಓದುಗರಿಗೆ ನನ್ನ ಆಯ್ಕೆ 14ಸಿ28ಎನ್, ಅದು ಸಿಗದಿದ್ದರೆ ಅದರ ಅಣ್ಣ 12ಸಿ27. ಕರಾವಳಿಯ ತೇವವನ್ನೂ ತಾಳುತ್ತದೆ, 58–60ರ ಹದವನ್ನೂ ಹಿಡಿಯುತ್ತದೆ, ಅಂಗಡಿಯ ಕಲ್ಲಿಗೂ ಬಗ್ಗುತ್ತದೆ. ದಿನವಿಡೀ ಗೋದಾಮಿನಲ್ಲಿ ರಟ್ಟು ಕೊಯ್ಯುವವರು ಎಸ್30ವಿಯ ತಮ್ಮ ಎಸ್35ವಿಎನ್ ಅಥವಾ ಮ್ಯಾಗ್ನಾಕಟ್ ಕಡೆ ನೋಡಲಿ, ಜೊತೆಗೆ ವಜ್ರದ ಪ್ಲೇಟಿಗೂ ದುಡ್ಡು ತೆಗೆದಿಡಲಿ. ಉಳಿದವರು ದುಬಾರಿ ಉಕ್ಕಿಗೆ ಕೊಡುವ ಹೆಚ್ಚುವರಿ ಹಣದಲ್ಲಿ 1000 ಗ್ರಿಟ್‌ನ ಒಂದು ನೀರುಗಲ್ಲು ಕೊಳ್ಳಿ. ಅಲಗು 2 ಸೆಂ.ಮೀ. ಅಗಲವಿದ್ದರೆ ಅದರ ಬೆನ್ನನ್ನು ಕಲ್ಲಿನಿಂದ 5ರಿಂದ 7 ಮಿ.ಮೀ. ಎತ್ತಿ ಹಿಡಿಯಿರಿ, 15ರಿಂದ 20 ಡಿಗ್ರಿಯ ಕೋನ ತಾನಾಗಿ ಬರುತ್ತದೆ. ಒಂದು ಬದಿಯನ್ನು ಮಸೆಯುತ್ತ ಹೋಗಿ, ಎದುರು ಬದಿಯ ಅಂಚಿಗೆ ಬೆರಳು ಸವರಿದಾಗ ಸಣ್ಣ ತರಿ ಸಿಕ್ಕಿದ ಮೇಲೆ ಮಗ್ಗುಲು ಬದಲಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಬಾಯಿ ಹಿಂದಿರುವಂತೆ, ಹತ್ತಾರು ಸಲ ಎಳೆಯಿರಿ.